ಎಡ ಮೂಲೆ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ. ಪಟ್ಟಣದ ಒಳಾಂಗಣ ಜಿಮ್ಮಿನಲ್ಲಿ ಬರಂಗಾಯ್‌ಗಳ, ಎಂದರೆ ಊರೂರಿನ ತಂಡಗಳ, ಬ್ಯಾಸ್ಕೆಟ್‌ಬಾಲ್ ಲೀಗಿನ ಅಂತಿಮ ಪಂದ್ಯ ಶುರುವಾಗಿ ನಾಲ್ಕು ನಿಮಿಷವಾಗಿತ್ತು, ರೋಸೆಂಡೊ ಗಾರ್ಗನೇರ ತನ್ನ ತಂಡದ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದ. ಹತ್ತೊಂಬತ್ತು ವರ್ಷ ಅವನು ಕೂತದ್ದು ಮೊದಲ ಕುರ್ಚಿಯಲ್ಲಿ, ಅಂಕ ಬರೆಯುವವರ ಮೇಜಿನ ಪಕ್ಕ. ಎರಡರ ನಡುವೆ ಒಂಬತ್ತು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಬಂದ ಕೂಡಲೇ ಎಣಿಸಿದ್ದ. ಮೊದಲ ಕುರ್ಚಿ ಈಗ ಖಾಲಿ. ಹೊಸ ಕೋಚ್ ಅರ್ನೆಲ್ ಕೂರುವವನಲ್ಲ. ಮೂವತ್ತೊಂದರ ವಯಸ್ಸು, ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು. ಗೆರೆಯ ಅಂಚಿನಲ್ಲಿ ನಿಂತು ಗಾಳಿಯಲ್ಲಿ ಬೆರಳಾಡಿಸುತ್ತಾನೆ, ಐವರು ಅದರಂತೆ ಸರಿಯುತ್ತಾರೆ. ಕೂರುವ ಆಸೆಯೇ ಇಲ್ಲದವನಿಗೆ ಆ ಕುರ್ಚಿಯನ್ನು ಯಾಕೆ ಕೊಡಬೇಕಿತ್ತು ಎಂದು ರೋಸೆಂಡೊಗೆ ಅನ್ನಿಸಿತು. ಅನ್ನಿಸಿದ್ದು ಬಾಲಿಶ ಎಂದೂ ಗೊತ್ತಾಯಿತು. ಗೊತ್ತಾದದ್ದರಿಂದ ಕಡಿಮೆಯಾಗಲಿಲ್ಲ.

ಹುಡುಗರು ಆಡುತ್ತಿದ್ದದ್ದು ರೋಸೆಂಡೊನದೇ ಆಟ, ಝೋನು. ಮುಂದೆ ಇಬ್ಬರು, ಹಿಂದೆ ಮೂವರು. ಎದುರಾಳಿಯನ್ನು ಬೆನ್ನಟ್ಟಬೇಡ, ನಿನ್ನ ಜಾಗ ಕಾಯಿ. ಚೆಂಡು ಹಾರುತ್ತಿರುವಾಗಲೇ ಹೊರಡು, ಅದು ತಲುಪಿದ ಮೇಲೆ ಹೊರಟರೆ ನೀನು ಹೋಗುವುದು ಸಾವಿನ ಮನೆಗೆ, ಮಾತಾಡಿಸಿ ಬರುವುದಕ್ಕೆ. ಈ ಮಾತನ್ನು ಅವನು ಎಷ್ಟು ಹುಡುಗರಿಗೆ ಹೇಳಿದ್ದನೋ. ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಮುಗಿಸಿ, ನಾಲ್ಕು ಗಂಟೆಗೆ ಚರ್ಚಿನ ಪಕ್ಕದ ಕಾಂಕ್ರೀಟ್ ಅಂಗಳಕ್ಕೆ ಬರುವಾಗ ಅವನ ಹೆಗಲ ಮೇಲೆ ಅಬಾಕಾ ನಾರಿನ ಹಗ್ಗ ಇರುತ್ತಿತ್ತು. ಅದರಲ್ಲಿ ಐದು ಕುಣಿಕೆ. ಐವರ ಸೊಂಟಕ್ಕೆ ಐದು ಕುಣಿಕೆ ಹಾಕಿ ಚೆಂಡನ್ನು ಅತ್ತಿಂದಿತ್ತ ಎಸೆಯುತ್ತಿದ್ದ. ಒಬ್ಬ ಹೊರಟಾಗ ಇನ್ನೊಬ್ಬ ನಿಂತರೆ ಹಗ್ಗ ಜಗ್ಗಿ ಇಬ್ಬರೂ ಬೀಳುತ್ತಿದ್ದರು. ಅರ್ನೆಲ್ ಹದಿನೈದರಲ್ಲಿ ಆ ಹಗ್ಗದಲ್ಲಿ ಎಷ್ಟೋ ಸಲ ಬಿದ್ದಿದ್ದಾನೆ, ಮೊಣಕಾಲಿನಲ್ಲಿ ಈಗಲೂ ಕಲೆಯಿದೆ. 'ನಿನ್ನ ಕಾಲು ಪರವಾಗಿಲ್ಲ ಕಣೋ, ತಲೇನೇ ಇಲ್ಲ' ಎಂದು ಎಲ್ಲರೆದುರು ಹೇಳಿದಾಗ ಹುಡುಗ ನಕ್ಕಿದ್ದ. ಆ ನಗುವನ್ನು ಅವನು ನೆನಪಿಟ್ಟುಕೊಂಡಿರಬಹುದೇ? ಐದು ವಾರದ ಹಿಂದೆ ಊರಿನ ಮುಖಂಡ, ಬರಂಗಾಯ್ ಕ್ಯಾಪ್ಟನ್, ಮನೆಗೆ ಬಂದು, 'ಸೆಂಡೊ, ನಿನಗೂ ಐವತ್ತೆಂಟಾಯ್ತು, ಇನ್ನು ಆರಾಮಾಗಿರು' ಎಂದು ಒಂದು ಟೇಬಲ್ ಫ್ಯಾನು ಕೊಟ್ಟು ಹೋದಾಗ, ಅರ್ನೆಲ್ ಹಗ್ಗವನ್ನು ತಂದು ಒಪ್ಪಿಸಿದ. 'ಇದು ನಿಮ್ಮ ಹತ್ರಾನೇ ಇರ್ಲಿ' ಎಂದ. ಈಗ ಅವನು ಹುಡುಗರಿಗೆ ಪರದೆಯ ಮೇಲೆ ಬಣ್ಣದ ಚುಕ್ಕಿಗಳನ್ನು ಓಡಿಸಿ ತೋರಿಸುತ್ತಾನೆ. ತಂಡ ಹಿಂದೆಂದಿಗಿಂತ ಚೆನ್ನಾಗಿ ಆಡುತ್ತಿದೆ. ಇದನ್ನು ರೋಸೆಂಡೊ ಬೇರೆ ಯಾರಿಗಿಂತಲೂ ಮೊದಲು ಕಂಡಿದ್ದ, ಏಕೆಂದರೆ ಬೇರೆ ಯಾರೂ ಅಷ್ಟು ಗಮನವಿಟ್ಟು ನೋಡುತ್ತಿರಲಿಲ್ಲ.

ಫ್ಯಾನನ್ನು ಅವನು ಮುಟ್ಟಲಿಲ್ಲ. ಹೆಂಡತಿ ಎಡ್ನಾ ಅದನ್ನು ಹಿತ್ತಲಲ್ಲಿಟ್ಟು ಭತ್ತ ತೂರುತ್ತಾಳೆ.

ಇನ್ನೊಂದು ವಿಷಯವಿತ್ತು, ಯಾರಿಗಾದರೂ ಹೇಳಿದರೆ ನಕ್ಕುಬಿಡುವಂಥದ್ದು. ಹದಿನಾರು ವರ್ಷ ಅರ್ನೆಲ್ ಅವನನ್ನು 'ಕೋಚ್' ಎಂದು ಕರೆದಿದ್ದ. ಈಗ 'ನೊಂಗ್ ಸೆಂಡೊ' ಎನ್ನುತ್ತಾನೆ. ನೊಂಗ್ ಎಂದರೆ ಅಣ್ಣ, ಹೆಂಗಸರಿಗಾದರೆ ನ್ಯಾಂಗ್. ಪ್ರೀತಿಯ ಮಾತು, ಗೌರವದ್ದು. ಬಸ್ಸಿನ ಕಂಡಕ್ಟರನನ್ನೂ, ಮೀನು ಮಾರುವವನನ್ನೂ ಹಾಗೇ ಕರೆಯುತ್ತಾರೆ. ಹುಡುಗರ ಮುಂದೆ ರೋಸೆಂಡೊ ಅವನನ್ನು ಕೋಚ್ ಎನ್ನಬೇಕು. ಎನ್ನಲಾರದೆ ಐದು ವಾರದಿಂದ ಹೆಸರಿಲ್ಲದೆ, ಕರೆಯದೆ, ಎದುರು ಹೋಗಿ ನಿಂತೇ ಮಾತು ಶುರುಮಾಡುತ್ತಿದ್ದ. ಹೊಸ ಅಂಗಿಗಳ ಬೆನ್ನ ಮೇಲೆ ಅಚ್ಚು ಹಾಕಿಸುವಾಗ ಅವನದಕ್ಕೆ 'ಸಲಹೆಗಾರ' ಎಂದು ಹಾಕಿಸಿದ್ದರು. ಕುರ್ಚಿಗೆ ಒರಗಿ ಕೂತರೆ ಅದು ಕಾಣುವುದಿಲ್ಲ. ಅವನು ಒರಗಿ ಕೂತಿದ್ದ.

ಐದನೆಯ ನಿಮಿಷದಲ್ಲಿ ಎದುರಾಳಿಗಳು ಚೆಂಡನ್ನು ಎಡ ಮೂಲೆಗೆ ಎಸೆದರು. ಕಾಯುವವನು ತನ್ನ ಬುಟ್ಟಿಗೆ ಬೆನ್ನು ಮಾಡಿ ನಿಂತರೆ ಎಡಗೈಗೆ ಬರುವ ಮೂಲೆ. ಈ ಅರ್ಧದಲ್ಲಿ ಅದು ಕೊನೆಯ ಕುರ್ಚಿಯಿಂದ ನಾಲ್ಕು ಹೆಜ್ಜೆ. ಆ ಜಾಗ ಜುಂಡಿಯದು. ಇಪ್ಪತ್ತೆರಡರ ಬಾಡಿಗೆ ಟ್ರೈಸಿಕಲ್ ಚಾಲಕ, ಆಗಸ್ಟಿನಲ್ಲಷ್ಟೇ ತಂಡಕ್ಕೆ ಬಂದವನು, ಓಟದಲ್ಲಿ ಎಲ್ಲರಿಗಿಂತ ಮುಂದು. ಅವನು ಸರಿಯಾದ ಹೊತ್ತಿಗೆ ಹೊರಟ, ಚೆಂಡು ಗಾಳಿಯಲ್ಲಿರುವಾಗಲೇ. ಆದರೆ ಮೂಲೆಗೆ ಎರಡು ಮಾರು ಇರುವಾಗ ನಿಂತ. ನಿಂತು ಕೈ ಎತ್ತಿದ. ಎದುರಾಳಿ ಹುಡುಗ ಅವಸರವಿಲ್ಲದೆ, ಮನೆಯಂಗಳದಲ್ಲಿ ಆಡುವವನ ಹಾಗೆ ಎಸೆದ. ಮೂರಂಕ.

'ಜುಂಡಿ! ಇನ್ನೂ ಮುಂದೆ!' ಎಂದು ಅರ್ನೆಲ್ ಕೂಗಿದ.

'ಹೋದ್ನಲ್ಲ ಕೋಚ್!' ಎಂದು ಜುಂಡಿ ಕೂಗಿದ. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು, ಬೆವರಿತ್ತು, ಬಾಯಿ ತೆರೆದಿತ್ತು. ಸೋಮಾರಿತನ ಎಂದು ರೋಸೆಂಡೊ ಗುರುತು ಹಾಕಿಕೊಂಡ. ಚುಕ್ಕಿ ಓಡಿಸಿ ಕಲಿಸಿದರೆ ಹೀಗೇ. ಚುಕ್ಕಿ ದಣಿಯುವುದಿಲ್ಲ, ಮೊಣಕಾಲು ದಣಿಯುತ್ತದೆ. ಎದೆಯೊಳಗೆ ಏನೋ ಬೆಚ್ಚಗಾಯಿತು, ಬೆಳಗಿನ ಮೊದಲ ಗುಟುಕು ಕಾಫಿಯಂತೆ. ಈ ಬಿರುಕನ್ನು ಅವನು ಎರಡು ವಾರದ ಹಿಂದಿನ ಪಂದ್ಯದಲ್ಲೇ ಕಂಡಿದ್ದ. ಉಪಾಂತ್ಯದಲ್ಲಿ ಮತ್ತೆ ಕಂಡ. ಯಾರಿಗೂ ಹೇಳಿರಲಿಲ್ಲ.

ಯಾರಿಗೂ ಎನ್ನುವುದು ಸುಳ್ಳು. ಗುರುವಾರ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಬಾಚೊಯ್ ಅಂಗಡಿಯಲ್ಲಿ, ಬಿಸಿ ಶಾವಿಗೆ ಸಾರಿನ ಬೋಗುಣಿಯ ಮುಂದೆ ಅವನು ಕೂತಿದ್ದಾಗ ಬೆನ್ಹೂರ್ ಎದುರು ಬಂದು ಕೂತ. ಎದುರಾಳಿ ತಂಡದ ಕೋಚ್, ಓರಗೆಯವನು. ಇಪ್ಪತ್ತು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸುತ್ತ ಬಂದವರು. ಬೆನ್ಹೂರ್ ಶಾವಿಗೆಯನ್ನು ಸುರಿದು ತಿನ್ನುತ್ತ, 'ಏನಪ್ಪಾ ಸಲಹೆಗಾರ, ಸಲಹೆ ಏನಾದ್ರೂ ಕೇಳ್ತಾರಾ ನಿನ್ನ, ಇಲ್ಲ ನೀರು ಹೊರೋದಷ್ಟೇನಾ?' ಎಂದ.

'ನಿನಗ್ಯಾಕೆ? ತಿನ್ನು.'

'ಅಲ್ಲ ಮಾರಾಯ, ಊರೆಲ್ಲ ಅದೇ ಮಾತು. ಅರ್ನೆಲ್ ಝೋನು, ಅರ್ನೆಲ್ ಝೋನು ಅಂತ. ರೇಡಿಯೋದಲ್ಲೂ ಹೇಳಿದ್ರು. ನಾನೆಲ್ಲೋ ಅದನ್ನ ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ ಅಂದ್ಕೊಂಡಿದ್ದೆ. ವಯಸ್ಸಾಯ್ತು ನೋಡು, ಮರೆವು.'

ಬೋಗುಣಿಯ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ರೋಸೆಂಡೊ ಚಮಚದಿಂದ ಅವನ್ನು ಒಂದಕ್ಕೊಂದು ಸೇರಿಸಿದ. 'ಎಡ ಮೂಲೆ ನೋಡು,' ಎಂದ. 'ನೋಡಿ ಆಮೇಲೆ ಹೇಳು, ನಾನು ಕಲಿಸಿದ್ದೋ ಅವನು ಕಲಿಸಿದ್ದೋ ಅಂತ.'

ಬೆನ್ಹೂರ್ ಅಗಿಯುವುದನ್ನು ನಿಲ್ಲಿಸಿದ. ಒಂದು ಕ್ಷಣ, ಅಷ್ಟೇ. ಆಮೇಲೆ ಮಾತು ಹಂದಿಯ ಬೆಲೆಗೆ ಹೊರಳಿತು. ಮನೆಗೆ ನಡೆಯುವಾಗ ರೋಸೆಂಡೊ ಹೇಳಿದ್ದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದ. ಅದು ಗುಟ್ಟು ಬಿಟ್ಟುಕೊಟ್ಟದ್ದಲ್ಲ, ತನ್ನ ಕೆಲಸದ ಬಗ್ಗೆ ಒಂದು ಸ್ಪಷ್ಟನೆ ಎಂದು ತೀರ್ಮಾನಿಸಿದ. ಆ ದಿನ ಊಟ ಸೇರಲಿಲ್ಲ. ಬಾಚೊಯ್ ಹೆಚ್ಚಾಯಿತು ಎಂದು ಎಡ್ನಾಗೆ ಹೇಳಿದ.

ಅರ್ಧ ಆಟ ಮುಗಿದಾಗ ಮೂವತ್ತೊಂದು–ಮೂವತ್ತನಾಲ್ಕು, ಮೂರು ಅಂಕ ಹಿಂದೆ. ಎಡ ಮೂಲೆಯಿಂದ ಎರಡು ಸಲ ಬಿದ್ದಿತ್ತು. ಹುಡುಗರು ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತರು. ಅರ್ನೆಲ್ ಒಂಬತ್ತು ಕುರ್ಚಿ ದಾಟಿ ಬಂದು ಅವನೆದುರು ಕುಕ್ಕರಗಾಲಲ್ಲಿ ಕೂತ. ಹಾಗೆ ಕೂತದ್ದೇ ರೋಸೆಂಡೊಗೆ ಹಿಡಿಸಲಿಲ್ಲ. ನಿಂತೇ ಕೇಳಿದ್ದರೆ ಸೊಕ್ಕು ಎನ್ನಬಹುದಿತ್ತು.

'ನೊಂಗ್, ಜುಂಡಿಗೆ ಏನಾಗಿದೆ? ನಿಮಗೇನಾದ್ರೂ ಕಾಣ್ತಿದೆಯಾ? ಅವರು ಅದೇ ಮೂಲೆಗೆ ಹಾಕ್ತಿದಾರೆ, ಬೇಕಂತಲೇ.'

ಅವನ ಮೊಣಕಾಲಿನ ಕಲೆ ಕಾಣುತ್ತಿತ್ತು. ತಾನೇ ಅರಿಸಿನ ಮೆತ್ತಿದ್ದು ನೆನಪಾಯಿತು, ಹುಡುಗ ಅಳದೆ ಹಲ್ಲು ಕಚ್ಚಿದ್ದು ನೆನಪಾಯಿತು. ಈ ಹುಡುಗನನ್ನು ಅವನು ಇಷ್ಟಪಟ್ಟಿದ್ದ. ಈಗಲೂ ಇಷ್ಟಪಡುತ್ತಿದ್ದ, ಅರ್ನೆಲ್ ಸ್ವಲ್ಪ ಕೆಟ್ಟದಾಗಿ ಆಡಿಸಿದ್ದರೆ.

'ದಣಿದಿರಬೇಕು,' ಎಂದ ರೋಸೆಂಡೊ.

'ದಣಿದಿದಾನಾ? ಅವನಾ?'

'ಬೆಳಿಗ್ಗೆ ಐದರಿಂದ ಟ್ರೈಸಿಕಲ್ ಓಡಿಸಿದಾನೆ. ಮನುಷ್ಯ ಅಲ್ವಾ.'

ಅರ್ನೆಲ್ ತಲೆಯಾಡಿಸಿದ. ನಂಬಿದ.

ಅರ್ಧದ ನಂತರ ಬುಟ್ಟಿಗಳು ಬದಲಾದವು. ಈಗ ಜುಂಡಿಯ ಮೂಲೆ ಅಂಗಳದ ಆಚೆ ತುದಿಯಲ್ಲಿ, ಓರೆಯಾಗಿ, ಅತಿ ದೂರದಲ್ಲಿತ್ತು. ಮುಖ ಕಾಣುತ್ತಿರಲಿಲ್ಲ, ಬೆವರು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನೆಲ, ನೆಲದ ಮೇಲೆ ಚಲಿಸುವ ಕಾಲುಗಳು. ಚೆಂಡು ಮೂಲೆಗೆ ಹೋಯಿತು, ಜುಂಡಿ ಓಡಿ ನಿಂತ, ಮೂರಂಕ. ಮತ್ತೊಮ್ಮೆ ಹೋಯಿತು, ಈ ಸಲ ಬೇರೆ ಕಡೆಯಿಂದ, ಜುಂಡಿ ಬೇರೆ ದಾರಿಯಿಂದ ಓಡಿ ನಿಂತ, ಮೂರಂಕ. ಎರಡು ಸಲವೂ ನಿಂತದ್ದು ಒಂದೇ ಜಾಗವಲ್ಲ. ದಣಿದವನು ಎಲ್ಲೆಂದರಲ್ಲಿ ನಿಲ್ಲುತ್ತಾನೆ. ಇವನು ನಿಂತ ಎರಡು ಜಾಗಗಳನ್ನೂ ಸೇರಿಸಿ ಗೆರೆ ಎಳೆದರೆ ಅದು ಬಾಗಿದ ಗೆರೆಯಾಗುತ್ತಿತ್ತು. ನಿಲ್ಲುವ ಮೊದಲು ಕಾಲನ್ನು ಒಳಕ್ಕೆಳೆದು, ಪಾದವನ್ನು ಅಡ್ಡ ತಿರುಗಿಸುತ್ತಿದ್ದ. ಹಾಗೆ ತಿರುಗಿಸುವುದನ್ನು ರೋಸೆಂಡೊ ಎಲ್ಲೋ ನೋಡಿದ್ದ. ಎಲ್ಲೋ ಅಲ್ಲ, ತನ್ನ ಮನೆಯಲ್ಲೇ, ಎಡ್ನಾ ಬುಟ್ಟಿ ಹೊತ್ತು ಹಿತ್ತಲಿನ ಚಾಪೆಯನ್ನು ಬಳಸಿ ಹೋಗುವಾಗ. ಭತ್ತ ತುಳಿಯದ ಹಾಗೆ.

ಚರ್ಚಿನ ಪಕ್ಕದ ಅಂಗಳದಲ್ಲಿ ಒಂದು ಬುಟ್ಟಿ ಹೋದ ವರ್ಷದ ಬಿರುಗಾಳಿಗೆ ಮುರಿದಿದೆ, ಅಭ್ಯಾಸವೆಲ್ಲ ಇನ್ನೊಂದರ ಕೆಳಗೆ. ಸೆಪ್ಟೆಂಬರಿನಿಂದ ಅಕ್ಟೋಬರ್ ಕೊನೆಯವರೆಗೆ ಕೊಯ್ಲು. ಬಿಸಿಲಿಗೆ ಕಾಂಕ್ರೀಟಿನಷ್ಟು ಒಳ್ಳೆಯ ಜಾಗವಿಲ್ಲ. ಊರಿನ ಭತ್ತವೆಲ್ಲ ಅಲ್ಲೇ ಒಣಗುತ್ತದೆ, ಯಾವ ತುಂಡು ಯಾರದ್ದು ಎಂಬುದು ಬರೆಯದ ಒಪ್ಪಂದ. ಮುರಿದ ಬುಟ್ಟಿಯ ಅರ್ಧ ಉಳಿದವರದು. ಅಭ್ಯಾಸದ ಅರ್ಧದಲ್ಲಿ ಎಡ ಮೂಲೆ ಮಾತ್ರ ಕೋಚನ ಮನೆಯದು, ಹತ್ತೊಂಬತ್ತು ವರ್ಷದಿಂದ. ಎಡ್ನಾ ಬೆಳಿಗ್ಗೆ ಏಳಕ್ಕೆ ಹರಡುತ್ತಾಳೆ, ಸಂಜೆ ಐದಕ್ಕೆ ಬಾಚುತ್ತಾಳೆ. ನಾಲ್ಕರಿಂದ ಐದರವರೆಗೆ ಹುಡುಗರು ಅದನ್ನು ಬಿಟ್ಟು ಆಡುತ್ತಾರೆ. ಹಳಬರೆಲ್ಲ ಬೇಸಿಗೆಯಲ್ಲಿ ಕಲಿತವರು, ಅವರ ಕಾಲಿಗೆ ಮೂಲೆ ಗೊತ್ತು. ಜುಂಡಿ ಬಂದದ್ದು ಆಗಸ್ಟಿನ ಕೊನೆಗೆ. ಅವನನ್ನು ಕುಣಿಕೆಯೊಳಗೆ ನಿಲ್ಲಿಸಿದ ಮೊದಲ ದಿನವೇ ಭತ್ತವಿತ್ತು. ಚೆಂಡು ಮೂಲೆಗೆ ಹೋಯಿತು, ಜುಂಡಿ ಹಿಂದೆಯೇ ಓಡಿದ, ಕಾಲಡಿ ಕಾಳು ಕರಕರ ಎಂದಿತು. ಆಗ ಕೂಗಿದ್ದು ಯಾರು? 'ಏಯ್! ಅನ್ನ ತುಳೀತೀಯೇನೋ! ಇನ್ನೊಂದ್ಸಲ ಕಾಲಿಟ್ರೆ ಮುರೀತೀನಿ!' ಎಲ್ಲರೂ ನಕ್ಕರು. ಜುಂಡಿ ಬಗ್ಗಿ ಚೆದುರಿದ ಕಾಳುಗಳನ್ನು ಕೈಯಿಂದ ಒಳಕ್ಕೆ ಸರಿಸಿ, ಹಣೆಗೆ ಬೆರಳು ಮುಟ್ಟಿಸಿ ಶಿಲುಬೆ ಹಾಕಿಕೊಂಡಿದ್ದ. ಆಮೇಲೆ ಎರಡು ತಿಂಗಳು ಅವನು ಎಡ ಮೂಲೆಯನ್ನು ಭತ್ತದ ಅಂಚಿನವರೆಗೆ ಮಾತ್ರ ಕಾದ, ಬಹಳ ಚೆನ್ನಾಗಿ ಕಾದ. ಅರ್ನೆಲ್ ತಂಡ ವಹಿಸಿಕೊಂಡ ಮೊದಲ ವಾರ ಮನೆಗೆ ಬಂದು ಬಾಗಿಲಲ್ಲೇ ನಿಂತು, 'ನೊಂಗ್, ಭತ್ತಾನ ಆ ಕಡೆ ಅರ್ಧಕ್ಕೆ ಹಾಕ್ಬಹುದಾ? ಪಂದ್ಯ ಮುಗಿಯೋವರೆಗೆ ಅಷ್ಟೆ' ಎಂದು ಕೇಳಿದ್ದ. ಎಡ್ನಾ ಹೂಂ ಎನ್ನುವ ಮೊದಲೇ ರೋಸೆಂಡೊ, 'ಚೆಂಡು ತಿಂದು ಬದುಕ್ತೀರಾ ಎಲ್ಲಾರೂ?' ಎಂದಿದ್ದ. ಅರ್ನೆಲ್ ನಕ್ಕು, ತಲೆ ಬಾಗಿಸಿ ಹೋಗಿದ್ದ. ಅದೇ ನಗು, ಹದಿನೈದರದು.

ಹಾಗಾದರೆ ಬಿರುಕು ತನ್ನದು. ಬೆನ್ಹೂರನಿಗೆ ಹೇಳಿದ ಸ್ಪಷ್ಟನೆಗೆ ಉತ್ತರವೂ ಇದೇ.

ಏಳಬೇಕಿತ್ತು. ಮೂರನೆಯ ಕಾಲುಭಾಗ ಮುಗಿಯಲು ಎರಡು ನಿಮಿಷವಿತ್ತು. ಏಳಲಿಲ್ಲ. ಅರ್ಧಕ್ಕೆ ಮೊದಲು ಬಾಯಿ ಮುಚ್ಚಿಸಿದ್ದು ಹೊಟ್ಟೆಕಿಚ್ಚು. ಈಗ ಮುಚ್ಚಿಸಿದ್ದು ಅದಕ್ಕಿಂತ ಸಣ್ಣದು. ಹೇಳಿದರೆ ತನ್ನ ಭತ್ತ ಎನ್ನಬೇಕು, ತಾನು ಕೂಗಿದ್ದು ಎನ್ನಬೇಕು, ಒಂಬತ್ತು ಕುರ್ಚಿ ದಾಟಿ ಹೋಗಿ, ಬೆನ್ನಿನ ಮೇಲಿನ ಅಕ್ಷರಗಳನ್ನು ಇಡೀ ಜಿಮ್ಮಿಗೆ ತೋರಿಸಿ ಎನ್ನಬೇಕು. ಮೇಲಿನ ಸಾಲಿನಲ್ಲಿ ಯಾರೋ ಬೇಯಿಸಿದ ಕಡಲೆಕಾಯಿ ಸುಲಿದು ಸಿಪ್ಪೆ ಉದುರಿಸುತ್ತಿದ್ದರು. ಒಂದು ಸಿಪ್ಪೆ ಅವನ ಹೆಗಲ ಮೇಲೆ ಬಿತ್ತು, ತೆಗೆಯಲಿಲ್ಲ. ನಾಲ್ಕನೆಯ ಕಾಲುಭಾಗದಲ್ಲಿ ಐದನೆಯ ಚೆಂಡು ಅದೇ ಮೂಲೆಯಿಂದ ಬಿತ್ತು. ಐವತ್ತೆಂಟು–ಅರವತ್ತೈದು. ಉಳಿದದ್ದು ಮೂರು ನಿಮಿಷ ಹತ್ತು ಸೆಕೆಂಡು. ಅರ್ನೆಲ್ ಟೈಮ್ ಔಟ್ ಕೇಳಿ ಬದಲಿ ಆಟಗಾರನನ್ನು ಎಬ್ಬಿಸುತ್ತಿದ್ದ. ಜುಂಡಿ ಯಾರನ್ನೂ ನೋಡದೆ ಬಂದು, ತಾನೇ ಅಂಗಿ ಬಿಚ್ಚಲು ಅಂಚು ಹಿಡಿದ. ರೋಸೆಂಡೊ ಎದ್ದದ್ದು ಅದನ್ನು ನೋಡಿ. ಅಥವಾ ಹಾಗೆಂದು ಆಮೇಲೆ ತನಗೆ ತಾನೇ ಹೇಳಿಕೊಂಡ.

'ಬಿಚ್ಚಬೇಡ,' ಎಂದ. ಹುಡುಗರು ದಾರಿ ಬಿಟ್ಟರು. 'ಜುಂಡಿ, ಆ ಮೂಲೇಲಿ ಏನಿದೆ?'

'ಏನಿದೆ? ಏನೂ ಇಲ್ಲ.'

'ಮತ್ಯಾಕೆ ನಿಲ್ತೀಯಾ?'

'ನಾನು ಹೋಗ್ತಿದೀನಿ...'

'ಹೋಗ್ತಿಲ್ಲ. ಭತ್ತ ತುಳೀಬಾರ್ದು ಅಂತ ನಿಲ್ತಿದೀಯಾ. ನನ್ನ ಭತ್ತ. ಎರಡು ತಿಂಗಳು ನಾನೇ ನಿನ್ನ ಅಲ್ಲಿ ನಿಲ್ಲಿಸಿದ್ದು.' ಉಸಿರು ಸಾಲದೆ ತಡೆದ. 'ಭತ್ತ ಎತ್ತಿ ಮೂರು ವಾರ ಆಯ್ತು ಕಣೋ. ಅನ್ನ ಮಾಡಿ ತಿಂದೂ ಆಯ್ತು. ತುಳಿ.'

ಯಾರೋ ಫಕ್ಕನೆ ನಕ್ಕರು. ಜುಂಡಿ ತನ್ನ ಪಾದಗಳನ್ನು ನೋಡಿಕೊಂಡ, ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದವನಂತೆ. 'ಅಯ್ಯೋ,' ಎಂದ. 'ಹೌದಲ್ಲ ಕೋಚ್.'

ಕೋಚ್ ಎಂದದ್ದು ಅವನನ್ನು. ಬಾಯಿತಪ್ಪಿ ಬಂದದ್ದು, ಆದರೆ ಬಂದಿತ್ತು. ರೋಸೆಂಡೊನ ಮೈಯೆಲ್ಲ ಅದನ್ನು ಕುಡಿಯಿತು. ಅಂಥ ಹೊತ್ತಿನಲ್ಲೂ ಅವನು ಓರೆಗಣ್ಣಿನಿಂದ ನೋಡಿದ್ದು ಅರ್ನೆಲ್‌ಗೆ ಕೇಳಿಸಿತೇ ಎಂದು. ಅರ್ನೆಲ್‌ಗೆ ಕೇಳಿಸಿತ್ತು. ಅವನ ಮುಖದಲ್ಲಿದ್ದದ್ದು ಬರೀ ಸಂತೋಷ.

'ನೊಂಗ್, ನೀವು ದೇವರು. ಯಾವಾಗ ಗೊತ್ತಾಯ್ತು ಇದು?'

'ಈಗ,' ಎಂದ ರೋಸೆಂಡೊ. 'ಈಗಷ್ಟೇ.'

ಆಮೇಲಿನ ಮೂರು ನಿಮಿಷದಲ್ಲಿ ಎಡ ಮೂಲೆಗೆ ಚೆಂಡು ನಾಲ್ಕು ಸಲ ಹೋಯಿತು. ಜುಂಡಿ ನಾಲ್ಕು ಸಲವೂ ಗೆರೆಯವರೆಗೆ ಹೋದ. ಮೊದಲ ಸಲ ಕಾಲು ಒಂದು ಗಳಿಗೆ ಅಳುಕಿತು, ಆಮೇಲೆ ಇಲ್ಲ. ಒಂದು ಎಸೆತವನ್ನು ಕೈಯಿಂದ ಬಡಿದು ಬೀಳಿಸಿದ. ಜಿಮ್ಮು ಎದ್ದು ನಿಂತಿತು. ಅರವತ್ತೆಂಟು–ಎಪ್ಪತ್ತಕ್ಕೆ ಕೊನೆಯ ಗಂಟೆ ಹೊಡೆಯಿತು. ಎರಡು ಅಂಕದಿಂದ ಸೋತರು. ಎಡ ಮೂಲೆಯಿಂದ ಬಿದ್ದದ್ದು ಐದು ಚೆಂಡು, ಹದಿನೈದು ಅಂಕ.

ಕೈ ಕುಲುಕುವ ಸಾಲಿನಲ್ಲಿ ರೋಸೆಂಡೊ ಅರ್ನೆಲ್‌ನ ಹಿಂದೆಯೇ ಇದ್ದ. ಬೆನ್ಹೂರ್ ಅರ್ನೆಲ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, 'ಒಳ್ಳೇ ಆಟ ಕೋಚ್' ಎಂದ. ಕೆಟ್ಟವನಲ್ಲ ಅವನು, ಗೆದ್ದಿದ್ದ, ಖುಷಿಯಲ್ಲಿದ್ದ. ಮುಂದಿನ ಕೈ ಹಿಡಿದು ಗಟ್ಟಿಯಾಗಿ ನಕ್ಕ. 'ಸೆಂಡೊ! ಗುರುವಾರದ ಬಾಚೊಯ್‌ದು ನಿನ್ನ ಋಣ ಇದೆ ನನ್ನ ಮೇಲೆ. ಎಡ ಮೂಲೆ ನೋಡು ಅಂದ್ಯಲ್ಲ, ನೋಡ್ದೆ. ಆಹಾ! ಮೂರು ದಿನ ಹುಡುಗರಿಗೆ ಬೇರೇನೂ ಹೇಳಿಕೊಡ್ಲಿಲ್ಲ ನಾನು.'

ಅರ್ನೆಲ್ ಸಾಲಿನಲ್ಲಿ ಎರಡು ಹೆಜ್ಜೆ ಮುಂದೆ ಹೋಗಿದ್ದ. ನಿಂತ. ತಿರುಗಲಿಲ್ಲ. ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು, ಅದರ ಮೇಲಿನ 'ಕೋಚ್' ಎಂಬ ಅಚ್ಚನ್ನು ರೋಸೆಂಡೊ ಓದಿದ. ಆಮೇಲೆ ಅರ್ನೆಲ್ ಮುಂದಿನವನ ಕೈ ಕುಲುಕಿದ, ಅದರ ಮುಂದಿನವನದು, ಕೊನೆಯವರೆಗೆ.

'ಕೋಚ್,' ಎಂದು ರೋಸೆಂಡೊ ಕರೆದ. ಐದು ವಾರದಲ್ಲಿ ಮೊದಲ ಸಲ. ಸದ್ದು ಬಹಳವಿತ್ತು, ಕೇಳಿಸಿತೋ ಇಲ್ಲವೋ.

ಮಂಗಳವಾರ ಮೂರೂವರೆಗೆ ಟ್ರೈಸಿಕಲ್ ಮನೆ ಮುಂದೆ ನಿಂತಿತು. ಜುಂಡಿ ಇಳಿದು ಬಂದು, ಮೆಟ್ಟಿಲ ಕೆಳಗೇ ನಿಂತ. 'ಹಗ್ಗ ಬೇಕಂತೆ,' ಎಂದ. 'ಇವತ್ತಿಂದ ಹಗ್ಗ ಕಟ್ಕೊಂಡು ಆಡ್ಬೇಕಂತೆ. ಕೋಚ್ ಹೇಳಿದ್ರು.'

ರೋಸೆಂಡೊ ಒಳಗೆ ಹೋಗಿ ಮೊಳೆಯಿಂದ ಹಗ್ಗ ತೆಗೆದ. ಐದು ಕುಣಿಕೆಗಳನ್ನೂ ಎಳೆದು ನೋಡಿದ, ಒಂದು ಸಡಿಲವಾಗಿತ್ತು, ಬಿಗಿದ. ಚಪ್ಪಲಿ ಹಾಕಿಕೊಂಡು ಹೊರಗೆ ಬಂದ.

ಎಡ್ನಾ ಫ್ಯಾನಿನ ಮುಂದಿನಿಂದ ತಲೆಯೆತ್ತಿ, 'ಸೆಂಡೊಗೂ ಬರೋಕೆ ಹೇಳಿದ್ರಾ?' ಎಂದು ಜುಂಡಿಯನ್ನು ಕೇಳಿದಳು.

ಜುಂಡಿ ಹಗ್ಗವನ್ನು ರೋಸೆಂಡೊನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. 'ಹಗ್ಗ ತಗೊಂಡು ಬಾ ಅಂದ್ರು, ನ್ಯಾಂಗ್,' ಎಂದ. ರೋಸೆಂಡೊ ಮೆಟ್ಟಿಲ ಮೇಲೇ ಉಳಿದ, ಟ್ರೈಸಿಕಲ್ ಹೋಯಿತು. ನಾಲ್ಕಕ್ಕೆ ಅಭ್ಯಾಸ ಶುರುವಾಯಿತು.